ಒರಟು ನಾದಕ್ಕೆ ನಿರ್ಮಲ ಯಂತ್ರ

ಮನೆಯ ಸಣ್ಣ ಸ್ಪೀಕರಿನಲ್ಲಿ ವಾರ್ತೆಯನ್ನು ಕೇಳಿದಾಗ ಒಂದೊಂದು ಅಕ್ಷರವೂ ಸ್ಫುಟವಾಗಿರುತ್ತದೆ. ಹಾರ್ಮೋನಿಯಂ ತಬಲಾಗಳ ಹಿತಮಿತವಾದ ಹಿಮ್ಮೇಳವುಳ್ಳ ಭಾವಗೀತೆಯನ್ನು ಕೇಳಿದಾಗ ಗಾಯಕಿ ಉಸಿರೆಳೆದುಕೊಳ್ಳುವುದೂ ಕಿವಿಗೆ ಬೀಳುತ್ತದೆ. ಆದರೆ ಅದೇ ಯಂತ್ರಕ್ಕೆ, ಗುಂಡಿಯನ್ನು ಕೂದಲೆಳೆಯಷ್ಟೂ ತಿರುಗಿಸದೆ, ಬ್ಲ್ಯಾಕ್ ಸಬ್ಬತ್ ಅಥವಾ ಮೆಟಾಲಿಕಾ ತಂಡದ ಒಂದು ಗೀತವನ್ನು ಒಪ್ಪಿಸಿದೊಡನೆ ಗಿಟಾರು, ಡ್ರಮ್ಮು, ಕಂಠ ಎಲ್ಲವೂ ಕಲಸಿಹೋಗಿ, ಯಾವುದು ಯಾವುದೆಂದು ಬಿಡಿಸಿ ಹೇಳಲಾಗದ ಗದ್ದಲವೊಂದು ಮಾತ್ರ ಉಳಿಯುತ್ತದೆ. ಈ ಅನುಭವ ಬಹುಮಂದಿಗೆ ಉಂಟು. ಇದರಿಂದ ಹಿರಿಯರು ತಳೆಯುವ ನಿರ್ಣಯ, ಆ ಸಂಗೀತವೇ ಗದ್ದಲವೆಂಬುದು. ಆ ಸಂಗೀತವನ್ನು ಮನಸಾರೆ ಮೆಚ್ಚುವ ತರುಣರು ತಳೆಯುವ ನಿರ್ಣಯ, ಹೇಗಿದ್ದರೂ ಒರಟಾದ ನಾದವಲ್ಲವೆ, ಇದಕ್ಕೆ ಸೂಕ್ಷ್ಮವಾದ ಯಂತ್ರವೇಕೆ, ಗೋಡೆ ನಡುಗುವಷ್ಟು ಸದ್ದು ಮಾಡುವ ಒಂದು ಪೆಟ್ಟಿಗೆ ಸಾಕೆಂಬುದು. ಎರಡೂ ನಿರ್ಣಯಗಳು ಸತ್ಯಕ್ಕೆ ದೂರ. ಒಂಟಿ ಕಂಠದ ಗೀತವನ್ನು ಸಾಧಾರಣ ಯಂತ್ರವೂ ಸಲಹಬಲ್ಲುದು. ರಾಕ್ ಮತ್ತು ಮೆಟಲ್ ಸಂಗೀತಕ್ಕೆ ಮಾತ್ರ ನಿರ್ಮಲವಾದ ಯಂತ್ರವೇ ಬೇಕು. ಇದರ ಕಾರಣವನ್ನು ತಿಳಿದವನಿಗೆ ಅಲ್ಪವ್ಯಯದಲ್ಲಿಯೇ ಯೋಗ್ಯವಾದ ಉಪಕರಣವನ್ನು ಆರಿಸಿಕೊಳ್ಳುವುದು ಕಷ್ಟವಲ್ಲ.

ಸೀಳಿದ ಪೊರೆ

1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಹದಿಹರೆಯದ ಗಿಟಾರುವಾದಕ ಡೇವ್ ಡೇವಿಸ್, ತನ್ನಲ್ಲಿದ್ದ ಅಗ್ಗದ ಎಲ್ಪಿಕೊ ಆಂಪ್ಲಿಫೈಯರಿನ ಸ್ಪೀಕರಿನ ಪೊರೆಯನ್ನು ಕ್ಷೌರದ ಅಲಗಿನಿಂದ ಸೀಳಿದನು. ಸೀಳಿದ ಪೊರೆ ತಂತಿಯ ಕಂಪನವನ್ನು ಇದ್ದಂತೆ ಒಪ್ಪಿಸಲಾರದೆ ಹರಕು ದನಿಯಲ್ಲಿ ಗರ್ಜಿಸಿತು. ಆ ಗರ್ಜನೆಯೇ ಅದೇ ವರ್ಷ ಹೊರಬಂದ ‘ಯೂ ರಿಯಲಿ ಗಾಟ್ ಮಿ’ ಎಂಬ ಗೀತದ ಪ್ರಾಣವಾಯಿತು. ಮುಂದೆ ಸ್ಪೀಕರನ್ನು ಸೀಳುವ ಅವಶ್ಯಕತೆಯೇ ಉಳಿಯಲಿಲ್ಲ. ಅದೇ ವಿಕಾರವನ್ನು ಆಂಪ್ಲಿಫೈಯರಿನ ಒಳಗೇ ಉಂಟುಮಾಡುವ ಉಪಾಯಗಳು ರೂಢಿಯಾದವು. ಸಂಕೇತವನ್ನು ಆಂಪ್ಲಿಫೈಯರಿನ ಶಕ್ತಿಗೆ ಮೀರಿ ಹಿಗ್ಗಿಸಿದಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯೇ ರಾಕ್ ಗಿಟಾರಿನ ದನಿ.

ಆದುದರಿಂದ ಈ ಸಂಗೀತದಲ್ಲಿ ವಿಕಾರವೆಂಬುದು ದೋಷವಲ್ಲ, ವಾದಕನು ಬುದ್ಧಿಪೂರ್ವಕವಾಗಿ ಆರಿಸಿಕೊಂಡ ವರ್ಣ. ಕೇಳುವವನ ಮನೆಯ ಯಂತ್ರ ಅದಕ್ಕೆ ತನ್ನದೇ ಆದ ಇನ್ನೊಂದು ವಿಕಾರವನ್ನು ಸೇರಿಸಿದರೇನು ನಷ್ಟವೆಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಬೇಕಾದರೆ ವಿಕಾರ ಹುಟ್ಟುವ ಬಗೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಇಲ್ಲದ ಸ್ವರ ಕೇಳಿಸುವ ಬಗೆ

ಒಂದು ಯಂತ್ರಕ್ಕೆ ಎರಡರಷ್ಟು ಕೊಟ್ಟರೆ ಎರಡರಷ್ಟು, ಹತ್ತರಷ್ಟು ಕೊಟ್ಟರೆ ಹತ್ತರಷ್ಟು ಹೊರಬರುವವರೆಗೆ ಅದು ಪ್ರಾಮಾಣಿಕವಾದ ಯಂತ್ರ. ಅದರೊಳಗೆ ಎಷ್ಟು ಸ್ವರಗಳು ಹೊಕ್ಕರೂ ಅಷ್ಟೇ ಸ್ವರಗಳು ಹೊರಗೆ ಬರುತ್ತವೆ. ಈ ಪ್ರಮಾಣ ತಪ್ಪಿದ ಕ್ಷಣದಲ್ಲಿ ಒಳಗೆ ಹೋಗದ ಸ್ವರಗಳೂ ಹೊರಬರತೊಡಗುತ್ತವೆ. ಒಂದು ಸ್ವರ ಮಾತ್ರ ಹೊಕ್ಕಿದ್ದರೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಮೇಲ್ಸ್ವರಗಳು ಹುಟ್ಟುತ್ತವೆ. ಎರಡು ಸ್ವರಗಳು ಹೊಕ್ಕಿದ್ದರೆ ಅವೆರಡರ ಮೊತ್ತದಷ್ಟು ಮತ್ತು ಅಂತರದಷ್ಟು ಕಂಪನಗಳುಳ್ಳ ಹೊಸ ಸ್ವರಗಳು ಹುಟ್ಟುತ್ತವೆ. ಎರಡು ತಂತಿಗಳನ್ನು ಒಟ್ಟಿಗೆ ನುಡಿಸಿದಾಗ ಮೂರನೆಯ ಸ್ವರವೊಂದು ಕೇಳಿಸುವುದನ್ನು ಇಟಲಿಯ ಪಿಟೀಲುವಾದಕ ತಾರ್ತೀನಿ ಹದಿನೆಂಟನೆಯ ಶತಮಾನದಲ್ಲಿಯೇ ಗುರುತಿಸಿದ್ದನು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ತನ್ನ ನಾದಶಾಸ್ತ್ರದ ಮಹಾಗ್ರಂಥದಲ್ಲಿ ಇಂತಹ ಸ್ವರಗಳನ್ನು ವಿಸ್ತಾರವಾಗಿ ವಿವೇಚಿಸಿದನು. ಈ ವಿಕಾರವನ್ನು ಸ್ವರಸಂಕರವೆಂದು ಕರೆಯೋಣ. ಯಂತ್ರಶಾಸ್ತ್ರಜ್ಞರು ಇಂಟರ್‌ಮಾಡ್ಯುಲೇಷನ್ ಎನ್ನುವುದು ಇದನ್ನೇ.

ಈಗ ಗಿಟಾರಿಗೆ ಬರೋಣ. ಅದರ ಅತ್ಯಂತ ಮಂದ್ರವಾದ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದನ್ನು ಷಡ್ಜವೆಂದು ಭಾವಿಸಿದರೆ ಅದರ ಪಂಚಮಕ್ಕೆ ಸುಮಾರು 123 ಕಂಪನಗಳು. ರಾಕ್ ವಾದಕರು ಪವರ್ ಕಾರ್ಡ್ ಎಂದು ಕರೆಯುವುದು ಈ ಷಡ್ಜ ಪಂಚಮಗಳ ಜೋಡಿಯನ್ನೇ. ಇವೆರಡನ್ನೂ ಒಟ್ಟಿಗೆ ಮೀಟಿ, ವಿಕಾರಗೊಳಿಸುವ ಆಂಪ್ಲಿಫೈಯರಿಗೆ ಕಳುಹಿಸಿದಾಗ ಅಂತರಸ್ವರವೊಂದು ಹುಟ್ಟುತ್ತದೆ. ಅದರ ಕಂಪನ 41, ಎಂದರೆ ಮೂಲ ಷಡ್ಜಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ತಂತಿಯೊಂದು ನೆಲದಡಿಯಿಂದ ಮೊಳಗಿದಂತೆ ಅದು ಕೇಳಿಸುತ್ತದೆ. ಮೊತ್ತದ ಸ್ವರವೂ ಮಿಕ್ಕ ಸಂಕರಸ್ವರಗಳೂ ಆ 41ರ ಗುಣಕಗಳೇ ಆದುದರಿಂದ ಎಲ್ಲವೂ ಒಂದೇ ಕುಲಕ್ಕೆ ಸೇರಿ ಒಂದನ್ನೊಂದು ಪುಷ್ಟಿಗೊಳಿಸುತ್ತವೆ. ಈ ಜೋಡಿಗೆ ಗಾಂಧಾರವನ್ನೂ ಸೇರಿಸಿದರೆ ಆ ಒಗ್ಗಟ್ಟು ಕೆಡುತ್ತದೆ. ಗಿಟಾರಿನ ಮೆಟ್ಟಿಲುಗಳಲ್ಲಿ ದೊರೆಯುವ ಗಾಂಧಾರ ಶುದ್ಧ ಅನುಪಾತಕ್ಕಿಂತ ತುಸು ಏರಿರುವುದರಿಂದ ಸಂಕರಸ್ವರಗಳು ಪರಸ್ಪರ ಕಾದಾಡುತ್ತವೆ. ರಾಕ್ ಗಿಟಾರುವಾದಕರು ಗಾಂಧಾರವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿರುವುದು ಅಜ್ಞಾನದಿಂದಲ್ಲ. ಕಿವಿಯಿಂದ ಕಲಿತ ಭೌತವಿಜ್ಞಾನದಿಂದ.

ವಾದಕನ ಆಂಪ್ಲಿಫೈಯರಿನೊಳಗೆ ಇರುವುದು ಆತನ ಗಿಟಾರೊಂದೇ. ಸ್ವರಸಂಕರ ನಡೆದರೂ ಅದು ಸಂಬಂಧಿಕರ ನಡುವೆ ನಡೆಯುತ್ತದೆ. ನಮ್ಮ ಮನೆಯ ಸ್ಪೀಕರಿನಲ್ಲಿಯಾದರೊ ಗಿಟಾರು, ಬೇಸ್ ಗಿಟಾರು, ಡ್ರಮ್ಮು, ತಾಳದ ತಟ್ಟೆಗಳು, ಕಂಠ ಇವೆಲ್ಲವೂ ಒಟ್ಟಿಗೆ ಹಾಯಬೇಕು. ಅಲ್ಲಿ ಪ್ರಮಾಣ ತಪ್ಪಿದರೆ ಅಪರಿಚಿತರ ನಡುವೆ ಸಂಕರವಾಗಿ, ಯಾವ ವಾದ್ಯಕ್ಕೂ ಸೇರದ, ಯಾವ ಶ್ರುತಿಗೂ ಹೊಂದದ ಸ್ವರಗಳು ರಾಶಿರಾಶಿಯಾಗಿ ಹುಟ್ಟುತ್ತವೆ. ಡ್ರಮ್ಮಿನ 50 ಕಂಪನಗಳ ಗುದ್ದು ಕಂಠದ 1000 ಕಂಪನಗಳ ಸ್ವರದೊಡನೆ ಸೇರಿದರೆ 950 ಮತ್ತು 1050 ಕಂಪನಗಳ ಎರಡು ಅನಾಥ ಸ್ವರಗಳು ಕಂಠದ ಎರಡು ಪಕ್ಕಗಳಲ್ಲಿ ಬಂದು ನಿಲ್ಲುತ್ತವೆ. ಗದ್ದಲವೆಂದು ನಮಗೆ ಕೇಳಿಸುವುದು ಇದೇ.

ಭಾವಗೀತೆಯಲ್ಲಿಯೂ ಈ ಸಂಕರ ನಡೆಯದೆ ಇಲ್ಲ. ಆದರೆ ಅಲ್ಲಿ ಸ್ವರಗಳ ನಡುವೆ ವಿಶಾಲವಾದ ಬಯಲು ಇರುತ್ತದೆ. ತಬಲಾ ಮೃದಂಗಗಳ ಚರ್ಮದ ಮೇಲಿನ ಕಪ್ಪು ಕರಣೆ, ಅವುಗಳ ಮೇಲ್ಸ್ವರಗಳನ್ನು ತಂತಿವಾದ್ಯಗಳಲ್ಲಿರುವಂತೆ ಕ್ರಮವಾದ ಗುಣಕಗಳನ್ನಾಗಿ ಮಾಡುತ್ತದೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿಯೇ ಲೋಕಕ್ಕೆ ತಿಳಿಸಿದ್ದರು. ಪಾಶ್ಚಾತ್ಯ ಡ್ರಮ್ಮಿಗೆ ಕರಣೆಯಿಲ್ಲ. ಅದರ ಸ್ವರಗಳು ಯಾವ ಕ್ರಮಕ್ಕೂ ಒಳಗಾಗದೆ ಎಲ್ಲೆಡೆಗೂ ಚದರುತ್ತವೆ. ತಾಳದ ತಟ್ಟೆಗಳ ಸ್ವರಗಳು ಇನ್ನೂ ಹೆಚ್ಚು ಚದರುತ್ತವೆ. ಉಳಿದ ತೆರಪನ್ನೆಲ್ಲ ಗಿಟಾರಿನ ಮೇಲ್ಸ್ವರಗಳು ತುಂಬುತ್ತವೆ. ಯಂತ್ರದ ಸಣ್ಣ ತಪ್ಪನ್ನೂ ಸಹಿಸುವಷ್ಟು ಬಿಡುವು ಈ ಸಂಗೀತದಲ್ಲಿ ಉಳಿದಿರುವುದಿಲ್ಲ.

ಎಷ್ಟು ಗಾಳಿ ಬೇಕು

ಇನ್ನು ಮನೆಯ ಸ್ಪೀಕರು ಪ್ರಮಾಣ ತಪ್ಪುವುದು ಏತಕ್ಕೆ? ಸ್ಪೀಕರಿನ ಕೆಲಸವೆಂದರೆ ಗಾಳಿಯನ್ನು ನೂಕುವುದು ಮತ್ತು ಎಳೆಯುವುದು. ಒಂದೇ ಪ್ರಮಾಣದ ನಾದವನ್ನು ಹೊರಡಿಸಬೇಕಾದರೆ, ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಪೊರೆಯ ಚಲನೆ ನಾಲ್ಕರಷ್ಟು ಆಗಬೇಕು. ಈ ಲೆಕ್ಕದಂತೆ, 1000 ಕಂಪನಗಳ ಸ್ವರಕ್ಕೆ ಪೊರೆ ಎಷ್ಟು ಚಲಿಸುವುದೋ ಅದರ ನಾನೂರರಷ್ಟು 50 ಕಂಪನಗಳ ಸ್ವರಕ್ಕೆ ಚಲಿಸಬೇಕು. ಮಾತಿಗೂ ಭಾವಗೀತೆಗೂ ಮುಖ್ಯವಾದುದು ಬಹುಮಟ್ಟಿಗೆ 100 ಕಂಪನಗಳ ಮೇಲೆಯೇ ಇದೆ. ಬೇಸ್ ಗಿಟಾರಿನ ಕೊನೆಯ ತಂತಿಯಾದರೊ 41ಕ್ಕೆ ಇಳಿಯುತ್ತದೆ, ಐದು ತಂತಿಗಳ ಬೇಸಿನಲ್ಲಿ 31ಕ್ಕೆ.

ಮೆಟಲ್ ಸಂಗೀತ ಈ ಪಾತಾಳದ ಕಡೆಗೆ ಇಳಿದುದಕ್ಕೂ ಒಂದು ಮಾನವ ಕಾರಣ ಉಂಟು. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೊಮಿ ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಎಡಗೈ ವಾದಕನಾದ ಆತನಿಗೆ ತಂತಿಯನ್ನು ಒತ್ತುವ ಕೈಯೇ ಅದು. ಬೆರಳಿಗೆ ತಾನೇ ಮಾಡಿಕೊಂಡ ತೊಡವುಗಳನ್ನು ತೊಟ್ಟು, ತೆಳುವಾದ ತಂತಿಗಳನ್ನು ಕಟ್ಟಿ, ನೋವು ಕಡಿಮೆಯಾಗಲೆಂದು ತಂತಿಯ ಬಿಗಿಯನ್ನು ಸಡಿಲಿಸಿದನು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಆಲ್ಬಮ್ಮಿನ ಹಲವು ಗೀತಗಳಲ್ಲಿ ಆತನ ಕೊನೆಯ ತಂತಿ 82ರಿಂದ 69 ಕಂಪನಗಳಿಗೆ ಇಳಿದಿದೆ. ಗಾಯಗೊಂಡ ಬೆರಳುಗಳಿಂದ ಹುಟ್ಟಿದ ಆ ಗಾಂಭೀರ್ಯವನ್ನು ಮುಂದಿನ ತಲೆಮಾರುಗಳು ಅನುಕರಿಸಿದವು.

ಮೂರು ಅಂಗುಲದ ಪೊರೆಯೊಂದು ಈ ಮಂದ್ರಸ್ವರವನ್ನು ನುಡಿಯಲು ಹೊರಟಾಗ ತನ್ನ ಚಲನೆಯ ಎಲ್ಲೆಯನ್ನು ಮುಟ್ಟುತ್ತದೆ. ಅಲ್ಲಿ ಅದರ ಅಂಚು ಬಿಗಿಯುತ್ತದೆ, ಸುರುಳಿ ಅಯಸ್ಕಾಂತದ ಹಿಡಿತದಿಂದ ಹೊರಕ್ಕೆ ಜಾರುತ್ತದೆ, ಪ್ರಮಾಣ ತಪ್ಪುತ್ತದೆ. ಅದೇ ಪೊರೆ ಅದೇ ಸಮಯದಲ್ಲಿ ಕಂಠದ ಸೂಕ್ಷ್ಮ ಕಂಪನಗಳನ್ನೂ ನುಡಿಯಬೇಕು. ಕಲ್ಲುಹಾದಿಯಲ್ಲಿ ಹೋಗುತ್ತಿರುವ ಎತ್ತಿನಗಾಡಿಯೊಳಗೆ ಕುಳಿತು ಕಾಗದ ಬರೆಯುವವನ ಅಕ್ಷರಗಳು ಹೇಗೆ ಗಾಡಿಯ ಕುಲುಕಾಟದ ಆಕಾರವನ್ನೇ ತಳೆಯುತ್ತವೆಯೊ, ಹಾಗೆಯೇ ಕಂಠದ ಸ್ವರವೆಲ್ಲ ಡ್ರಮ್ಮಿನ ಗುದ್ದಿನ ಗುರುತನ್ನು ಹೊತ್ತು ಹೊರಬರುತ್ತದೆ. ಬರೆಯುವವನ ಕೈಯಲ್ಲಿ ದೋಷವಿಲ್ಲ, ಕಾಗದದಲ್ಲಿಯೂ ಇಲ್ಲ.

ಪರಿಹಾರ ಇದರಲ್ಲಿಯೇ ಅಡಗಿದೆ. ಪೊರೆಯ ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಅಷ್ಟೇ ಗಾಳಿಯನ್ನು ನೂಕಲು ಅದು ಕಾಲುಭಾಗ ಚಲಿಸಿದರೆ ಸಾಕು. ಅಥವಾ ಮಂದ್ರದ ಹೊರೆಯನ್ನು ಬೇರೊಂದು ದೊಡ್ಡ ಪೊರೆಗೆ ಒಪ್ಪಿಸಿ ಚಿಕ್ಕದನ್ನು ಮುಕ್ತಗೊಳಿಸಬೇಕು. ರಾಕ್ ಸಂಗೀತಕ್ಕೆ ಉಪಕರಣವನ್ನು ಆರಿಸುವ ವಿವೇಕವೆಲ್ಲ ಈ ಎರಡು ಮಾತುಗಳ ವಿಸ್ತರಣೆ.

ಪೆಟ್ಟಿಗೆಯ ಮೇಲಿನ ಅಂಕೆಗಳು

ಅಂಗಡಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ವ್ಯಾಟುಗಳ ಅಂಕೆ. ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ಬರೆದಿರುವ ಅಂಕೆಗಳಿಗೆ ನಿಶ್ಚಿತವಾದ ಯಾವ ಅರ್ಥವೂ ಇಲ್ಲ. ಅವನ್ನು ಓದದಿರುವುದೇ ಲೇಸು. ಆರ್‌ಎಂಎಸ್ ಎಂದು ಬರೆದಿರುವ ಅಂಕೆಯನ್ನು ನೋಡಬೇಕು. ಅದರಲ್ಲಿಯೂ ನೆನಪಿಡಬೇಕಾದುದೆಂದರೆ, ವ್ಯಾಟುಗಳನ್ನು ಎರಡರಷ್ಟು ಮಾಡಿದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟುಗಳು ಬೇಕು. ಇದಕ್ಕಿಂತ ಹೆಚ್ಚು ಗಮನಾರ್ಹವಾದುದು ಸ್ಪೀಕರಿನ ಸ್ಪಂದಕತೆ: ಒಂದು ವ್ಯಾಟಿಗೆ ಒಂದು ಮೀಟರಿನ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ನುಡಿಯುತ್ತದೆಂಬುದು. 84 ನುಡಿಯುವ ಸ್ಪೀಕರಿಗೆ, 90 ನುಡಿಯುವುದಕ್ಕಿಂತ ನಾಲ್ಕರಷ್ಟು ಶಕ್ತಿ ಬೇಕಾಗುತ್ತದೆ. ಸ್ಪಂದಕತೆ 87 ಅಥವಾ 88 ಇದ್ದರೆ, ಹನ್ನೆರಡು ಅಡಿಯ ಕೋಣೆಗೆ ಪ್ರತಿಯೊಂದು ಪಕ್ಕಕ್ಕೂ ಇಪ್ಪತ್ತು ಮೂವತ್ತು ನಿಜವಾದ ವ್ಯಾಟುಗಳು ಧಾರಾಳವಾಯಿತು. ಕ್ಲಾಸ್ ಡಿ ಎಂಬ ಬಗೆಯ ಚಿಪ್‌ಗಳು ಬಂದ ಮೇಲೆ ಇಷ್ಟು ಶಕ್ತಿಯನ್ನು ಅಂಗೈಯಗಲದ ಪೆಟ್ಟಿಗೆಯೊಂದು ಅಲ್ಪ ಬೆಲೆಗೆ ಕೊಡುತ್ತಿದೆ. ಆದುದರಿಂದ ಇರುವ ಹಣದ ಬಹುಭಾಗವನ್ನು ಸ್ಪೀಕರಿಗೇ ವಿನಿಯೋಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿನ್ನದ ಲೇಪದ ತಂತಿಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚಾಗಿ ತೆರಬೇಕಾದುದಿಲ್ಲ.

ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಅಲ್ಪ ಶಕ್ತಿಯಲ್ಲಿ ದೊಡ್ಡ ಧ್ವನಿ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಲು ಸಾಧ್ಯ, ಮೂರನೆಯದನ್ನು ತ್ಯಜಿಸಲೇಬೇಕು. ಸ್ಪೀಕರು ನಿರ್ಮಿಸುವವರು ಇದನ್ನು ಹಾಫ್‌ಮನ್ನನ ಕಬ್ಬಿಣದ ನಿಯಮವೆಂದು ಕರೆಯುತ್ತಾರೆ. ಗೋಡೆಯ ಮೇಲೆ ಪಟ್ಟಿಯಂತೆ ಅಂಟಿಕೊಳ್ಳುವ ಸೌಂಡ್‌ಬಾರುಗಳು ಈ ನಿಯಮಕ್ಕೆ ಹೊರತಲ್ಲ. ಐದು ಪುಟ್ಟ ಪೆಟ್ಟಿಗೆಗಳೊಡನೆ ಗುಮ್ಮೆನ್ನುವ ಒಂದು ದೊಡ್ಡ ಪೆಟ್ಟಿಗೆಯನ್ನು ಕೂಡಿಸಿ ಮಾರುವ ಅಗ್ಗದ ಹೋಮ್ ಥಿಯೇಟರ್ ಸೆಟ್ಟುಗಳಲ್ಲಿ, ಗಿಟಾರಿನ ದೇಹವೆಲ್ಲ ನೆಲಸಿರುವ 100ರಿಂದ 300 ಕಂಪನಗಳ ನಡುವಣ ಪ್ರದೇಶ ಯಾರ ಪಾಲಿಗೂ ಸರಿಯಾಗಿ ಸೇರದೆ ಟೊಳ್ಳಾಗುತ್ತದೆ. ಅಷ್ಟೇ ಹಣಕ್ಕೆ ದೊರೆಯುವ ಎರಡು ಒಳ್ಳೆಯ ಪೆಟ್ಟಿಗೆಗಳು ಆ ಆರಕ್ಕಿಂತ ಶ್ರೇಷ್ಠ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮಂದ್ರವನ್ನು ನುಡಿಯುವ ಆರೂವರೆ ಅಂಗುಲದ ವೂಫರು ಮತ್ತು ಅದರ ಮೇಲೊಂದು ತಾರಸ್ವರಗಳ ಟ್ವೀಟರು ಇರುವ ಜೋಡಿಯನ್ನು ಈ ಸಂಗೀತಕ್ಕೆ ಆರಂಭದ ಮೆಟ್ಟಿಲೆಂದು ತಿಳಿಯಬೇಕು. ಧ್ವನಿಮುದ್ರಣ ಕೊಠಡಿಗಳಿಗಾಗಿ ತಯಾರಾಗುವ, ಆಂಪ್ಲಿಫೈಯರನ್ನು ಒಳಗೇ ಅಡಗಿಸಿಕೊಂಡ ಮಾನಿಟರುಗಳು ಬೆಲೆಗೆ ತಕ್ಕ ನಿರ್ಮಲತೆಯನ್ನು ಕೊಡುತ್ತವೆ. ಕಾಲಿ ಕಂಪನಿಯ ಆರೂವರೆ ಅಂಗುಲದ ಎಲ್‌ಪಿ-6, ಜೆಬಿಎಲ್ಲಿನ ಐದು ಅಂಗುಲದ 305 ಈ ಜಾತಿಯವು. ಇವೆರಡರಲ್ಲಿ ಮೆಟಲ್ ಪ್ರಿಯನು ದೊಡ್ಡ ಪೊರೆಯದನ್ನೇ ಆರಿಸಲಿ. ಮುಂದೊಂದು ದಿನ ಸಬ್‌ವೂಫರನ್ನು ಸೇರಿಸುವುದಾದರೆ, 80 ಕಂಪನಗಳ ಕೆಳಗಿನದನ್ನು ಅದಕ್ಕೆ ಒಪ್ಪಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಆ ಭಾಗವನ್ನು ಚಿಕ್ಕ ಸ್ಪೀಕರುಗಳಿಂದ ಕಡಿದು ಹಾಕುವ ವ್ಯವಸ್ಥೆಯೂ ಇರಬೇಕು. ಈ ಎರಡನೆಯ ಅಂಶವನ್ನು ಬಹುಮಂದಿ ಮರೆಯುತ್ತಾರೆ. ಹಾಗೆ ಮರೆತವರ ಮನೆಯಲ್ಲಿ ಗುಡುಗು ಹೆಚ್ಚಾಗುತ್ತದೆಯೇ ಹೊರತು ಕಂಠ ತಿಳಿಯಾಗುವುದಿಲ್ಲ.

ಹಣ ಇನ್ನೂ ಕಡಿಮೆಯಿದ್ದು ಮನೆಯಲ್ಲಿ ಸ್ಥಳವಿದ್ದವರಿಗೆ ಹಳೆಯ ಕಾಲದ ದೊಡ್ಡ ಸ್ಪೀಕರುಗಳಷ್ಟು ಲಾಭದಾಯಕವಾದುದು ಮತ್ತೊಂದಿಲ್ಲ. ಎಂಟು ಹತ್ತು ಅಂಗುಲದ ವೂಫರುಗಳುಳ್ಳ ಆ ಮರದ ಪೆಟ್ಟಿಗೆಗಳನ್ನು, ಸ್ಥಳದ ಅಭಾವದಿಂದ, ಜನ ಸಿಕ್ಕಿದ ಬೆಲೆಗೆ ಮಾರುತ್ತಿದ್ದಾರೆ. ಕೊಳ್ಳುವ ಮೊದಲು ಪೊರೆಯ ಸುತ್ತಲಿನ ಉಂಗುರವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಬೇಕು. ಅದು ರಬ್ಬರಿನದಾಗಿದ್ದರೆ ದಶಕಗಳ ಕಾಲ ಬಾಳಿರುತ್ತದೆ. ಫೋಮಿನದಾಗಿದ್ದರೆ ಕಾಲಕ್ರಮದಲ್ಲಿ, ವಿಶೇಷವಾಗಿ ತೇವದ ಹವೆಯಲ್ಲಿ, ಪುಡಿಪುಡಿಯಾಗಿ ಉದುರುತ್ತದೆ. ಹಾಗಾಗಿದ್ದರೂ ನಿರಾಶೆ ಬೇಡ. ಆ ಉಂಗುರವೊಂದನ್ನೇ ಹೊಸದಾಗಿ ಅಂಟಿಸಬಹುದು. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಿಡಿಭಾಗಗಳನ್ನು ಹುಡುಕಬಹುದು.

ಸ್ಪೀಕರನ್ನು ಪರೀಕ್ಷಿಸುವಾಗ ಚುರುಕಾದ ತಾರಸ್ವರಗಳಿಗೆ ಮರುಳಾಗಬಾರದು. ಗಿಟಾರುವಾದಕರು ಬಳಸುವ ಹನ್ನೆರಡು ಅಂಗುಲದ ಸ್ಪೀಕರುಗಳು ಸುಮಾರು 5000 ಕಂಪನಗಳ ಮೇಲೆ ಬಹುಮಟ್ಟಿಗೆ ಮೌನವಾಗಿರುತ್ತವೆ. ಅದಕ್ಕೂ ಮೇಲೆ ಕಿವಿಯನ್ನು ಕೊರೆಯುವ ಚಿರಚಿರ ಸದ್ದು ಕೇಳಿಸಿದರೆ ಅದು ಗಿಟಾರಿನದಲ್ಲ, ತಾಳದ ತಟ್ಟೆಗಳದು ಅಥವಾ ಯಂತ್ರದ್ದು. ಅರ್ಧ ಗಂಟೆ ಕೇಳಿದ ಮೇಲೆ ತಲೆ ಭಾರವಾಗುವ ಯಂತ್ರವನ್ನು ಕೊಳ್ಳಬಾರದು.

ಕೋಣೆಯ ಪಾಲು

41 ಕಂಪನಗಳ ಸ್ವರದ ಅಲೆಯುದ್ದ ಎಂಟು ಮೀಟರಿಗಿಂತ ಹೆಚ್ಚು. ಹನ್ನೆರಡು ಅಡಿಯ ಕೋಣೆಯಲ್ಲಿ ಸುಮಾರು 47 ಕಂಪನಗಳ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಯ ಬಳಿ ಅತಿಯಾಗಿಯೂ ಕೋಣೆಯ ನಡುಮಧ್ಯದಲ್ಲಿ ಕ್ಷೀಣವಾಗಿಯೂ ಕೇಳಿಸುತ್ತದೆ. ಆದುದರಿಂದ ಸರಿಯಾಗಿ ನಡುವೆಯಾಗಲಿ, ಬೆನ್ನು ಗೋಡೆಗೆ ತಾಗುವಂತಾಗಲಿ ಕುಳಿತು ಕೇಳಬಾರದು. ಸ್ಪೀಕರುಗಳನ್ನು ಮೂಲೆಗೆ ಒತ್ತಿ ಇಡಬಾರದು. ಕಾಂಕ್ರೀಟಿನ ಗೋಡೆ, ಕಲ್ಲಿನ ನೆಲಗಳ ನಮ್ಮ ಮನೆಗಳಲ್ಲಿ ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕ ತುಂಬಿದ ಕಪಾಟು ಇವು ನಡುಸ್ವರಗಳ ಮಾರ್ದನಿಯನ್ನು ಹಿಡಿದಿಡುತ್ತವೆ. ಇವು ಮನೆಯಲ್ಲಿದ್ದರೆ ಇದಕ್ಕೆ ವೆಚ್ಚವೇ ಇಲ್ಲ. ಫಲವಾದರೊ ಹೊಸ ಆಂಪ್ಲಿಫೈಯರಿಗಿಂತ ಹೆಚ್ಚು.

ನೆರೆಹೊರೆಯವರ ಸಲುವಾಗಿ ಮೆಲ್ಲಗೆ ಕೇಳುವಾಗ ಮಂದ್ರವೆಲ್ಲ ಮಾಯವಾದಂತೆ ತೋರುತ್ತದೆ. ಇದು ಯಂತ್ರದ ದೋಷವಲ್ಲ. ಸಣ್ಣ ಧ್ವನಿಯಲ್ಲಿ ನಮ್ಮ ಕಿವಿ ಮಂದ್ರಕ್ಕೆ ಮಂದವಾಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಬೇಸ್ ಗುಂಡಿಯನ್ನು ಮುಟ್ಟುವುದು ಅಪಚಾರವೆನ್ನುವ ಶುದ್ಧವಾದಿಗಳ ಮಾತನ್ನು ನಾನು ಒಪ್ಪಲಾರೆ. ಮೆಲ್ಲಗೆ ಕೇಳುವಾಗ ಅದನ್ನು ತುಸು ಏರಿಸುವುದು ನ್ಯಾಯ.

ಅತ್ಯಲ್ಪ ವ್ಯಯದ ದಾರಿ

ಪ್ರತ್ಯೇಕ ಕೋಣೆಯೂ ಇಲ್ಲದ, ಹಣವೂ ಇಲ್ಲದ ವಿದ್ಯಾರ್ಥಿಗೆ ಹೆಡ್‌ಫೋನೇ ಸರಿಯಾದ ಮಾರ್ಗ. ಅದರ ಪೊರೆ ಕೋಣೆಯ ಗಾಳಿಯನ್ನೆಲ್ಲ ಅಲುಗಿಸಬೇಕಾಗಿಲ್ಲ. ಕಿವಿಗೂ ತನಗೂ ನಡುವೆ ಮುಚ್ಚಿಕೊಂಡಿರುವ ಒಂದು ಹಿಡಿ ಗಾಳಿಯನ್ನು ಒತ್ತಿದರೆ ಸಾಕು. ಚಲನೆ ಅತ್ಯಲ್ಪವಾದುದರಿಂದ ಸ್ವರಸಂಕರವೂ ಅತ್ಯಲ್ಪ. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯುಳ್ಳ ಹೆಡ್‌ಫೋನು, ಉದಾಹರಣೆಗೆ 1991ರಿಂದ ಧ್ವನಿಮುದ್ರಣ ಕೊಠಡಿಗಳಲ್ಲಿ ದುಡಿಯುತ್ತಿರುವ ಸೋನಿಯ ಎಂಡಿಆರ್-7506, ಅದರ ಹಲವು ಪಟ್ಟು ಬೆಲೆಯ ಸ್ಪೀಕರುಗಳೂ ಬಿಡಿಸಿ ತೋರದ ಎಳೆಗಳನ್ನು ಬಿಡಿಸುತ್ತದೆ. ಎದೆಗೆ ಬಡಿಯುವ ಡ್ರಮ್ಮಿನ ಗುದ್ದು ಅದರಲ್ಲಿ ದೊರೆಯದು, ಅಷ್ಟನ್ನು ಬಿಟ್ಟುಕೊಡಬೇಕು. ಆದರೆ ಎಚ್ಚರಿಕೆಯ ಒಂದು ಮಾತು. ನಿರ್ಮಲವಾದ ಧ್ವನಿ ಜೋರಾಗಿದ್ದರೂ ಜೋರೆನಿಸುವುದಿಲ್ಲ. 85 ಡೆಸಿಬೆಲ್ಲಿನ ಧ್ವನಿಗೆ ದಿನಕ್ಕೆ ಎಂಟು ಗಂಟೆ ಮಿತಿಯೆಂದೂ, ಮುಂದಕ್ಕೆ ಪ್ರತಿ 3 ಡೆಸಿಬೆಲ್ಲಿಗೆ ಆ ಕಾಲ ಅರ್ಧವಾಗುತ್ತದೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಅದರಂತೆ 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದು ನಿಮಿಷ ಮಾತ್ರ. ಒಮ್ಮೆ ನಶಿಸಿದ ಶ್ರವಣತಂತುಗಳು ಮರಳಿ ಬೆಳೆಯುವುದಿಲ್ಲ.

ಸ್ಪೀಕರಾಗಲಿ ಹೆಡ್‌ಫೋನಾಗಲಿ, ಧ್ವನಿಮುದ್ರಣದಲ್ಲಿಯೇ ಇರುವ ಕೊರತೆಯನ್ನು ಯಾವ ಯಂತ್ರವೂ ನೀಗಿಸಲಾರದು. ಮೆಟಾಲಿಕಾ ತಂಡದ 1988ರ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ಮಿನಲ್ಲಿ ಬೇಸ್ ಗಿಟಾರು ಕೇಳಿಸಿಯೂ ಕೇಳಿಸದಷ್ಟು ಕ್ಷೀಣವಾಗಿದೆ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಎಲ್ಲವನ್ನೂ ಗರಿಷ್ಠಮಟ್ಟಕ್ಕೆ ಒತ್ತಿ ತುಂಬಿರುವುದರಿಂದ ಅಲೆಗಳ ನೆತ್ತಿಗಳು ಮುದ್ರಣದಲ್ಲಿಯೇ ಕತ್ತರಿಸಿಹೋಗಿವೆ. ಇವುಗಳನ್ನು ಹಾಕಿ ಕೇಳಿ ಸ್ಪೀಕರನ್ನು ತಿರಸ್ಕರಿಸುವುದು ಅನ್ಯಾಯ. 2007ರಲ್ಲಿ ಐರನ್ ಮೇಡನ್ ತಂಡ, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನೆರೆದ ಜನಸಾಗರವನ್ನು ಕಂಡವರಿಗೆ, ಈ ಸಂಗೀತಕ್ಕೆ ನಮ್ಮ ನಾಡಿನಲ್ಲಿ ಶ್ರದ್ಧಾವಂತ ಶ್ರೋತೃಗಳಿಲ್ಲವೆಂದು ಹೇಳುವ ಧೈರ್ಯ ಬಾರದು. ಆ ಶ್ರೋತೃಗಳಲ್ಲಿ ನನ್ನ ವಿನಂತಿ ಇಷ್ಟೇ: ಅಂಗಡಿಗೆ ಹೋಗುವಾಗ ನೀವು ಚೆನ್ನಾಗಿ ಬಲ್ಲ, ಚೆನ್ನಾಗಿ ಮುದ್ರಿತವಾದ ಗೀತವೊಂದನ್ನು ಜೊತೆಗೆ ಒಯ್ಯಿರಿ; ಮಾರುವವನು ಹಾಕುವ ಹಾಡನ್ನು ವಿನಯದಿಂದ ನಿರಾಕರಿಸಿರಿ; ಮನೆಯಲ್ಲಿ ಕೇಳುವಷ್ಟೇ ಧ್ವನಿಯಲ್ಲಿ ಅದನ್ನು ನುಡಿಸಿ, ಡ್ರಮ್ಮಿನ ಗುದ್ದಿನ ನಡುವೆಯೂ ಬೇಸ್ ಗಿಟಾರಿನ ಒಂದೊಂದು ಸ್ವರವನ್ನು ಬೇರೆಯಾಗಿ ಹಿಂಬಾಲಿಸಲು ಸಾಧ್ಯವಾಗುತ್ತದೆಯೆ ಎಂದು ಪರೀಕ್ಷಿಸಿರಿ; ಸಾಧ್ಯವಾದರೆ, ಬೆಲೆ ಎಷ್ಟು ಕಡಿಮೆಯಿದ್ದರೂ ಸಂಶಯಪಡದೆ, ಅದನ್ನೇ ಕೊಳ್ಳಿರಿ.